ಉಸಿರು ಹಿಡಿ

ದಾವಣಗೆರೆಯ ಈ ಆಸ್ಪತ್ರೆಯ ಕತ್ತಲ ಕೋಣೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ನಾನು ಹೇಳುವುದು ಎರಡೇ ಮಾತು:
ಉಸಿರು ಹಿಡಿ. ಬಿಡು.
ಎರಡನೆಯದು ಹೇಳದಿದ್ದರೂ ನಡೆಯುತ್ತದೆ.
ಯಂತ್ರ ಟಕ್ಕೆಂದ ಕೂಡಲೇ
ಮಂಡಿಯ ಹಮಾಲರು, ಹತ್ತಿ ಗಿರಣಿಯ ಹಳೆ ಕೆಮ್ಮಿನವರು,
ಪರೀಕ್ಷೆಗೆ ಹೆದರಿ ಎದೆನೋವು ತಂದುಕೊಂಡ ಹುಡುಗರು
ತಾವೇ ಬಿಟ್ಟುಬಿಡುತ್ತಾರೆ.

ಆ ಮಗು ಬಿಡಲಿಲ್ಲ.

ಹೆಸರು ಹೇಳುವುದಿಲ್ಲ. ಫಿಲ್ಮಿನ ಮೂಲೆಯ ನಂಬರೂ ಹೇಳುವುದಿಲ್ಲ.
ಆರು ವರ್ಷ ಅಂದುಕೊಳ್ಳಿ. ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್.
ಮುಂಗೈ ಮುರಿದಿದೆ: ಮೆಟ್ಟಿಲಿಂದ ಬಿದ್ದಳು.
ಪಾದ ಸುಟ್ಟಿದೆ: ಭಟ್ಟಿಯ ಮರಳು ಸಿಡಿಯಿತು.
ಚೀಟಿಯಲ್ಲಿ ಹಾಗಿತ್ತು.
ಬರೆದ ಡಾಕ್ಟರ ತಪ್ಪಲ್ಲ. ರಾತ್ರಿ ಎರಡು ಗಂಟೆ,
ಹರಿಹರದ ರಸ್ತೆಯ ಅಪಘಾತದವರು ಮೂವರು ಸ್ಟ್ರೆಚರಿನಲ್ಲಿ.
ಕರೆತಂದವರು ಹೇಳಿದ್ದನ್ನೇ ಬರೆದರು.

ಎಲುಬಿಗೆ ಕರೆತಂದವರ ಹಂಗಿಲ್ಲ.
ಹೊಸ ಬಿರುಕಿನ ಮೇಲೆ, ಎರಡು ಬೆರಳು ದೂರದಲ್ಲಿ,
ಹಳೆಯದೊಂದು ಕೂಡಿಕೊಂಡಿತ್ತು,
ಯಾರೂ ಕಟ್ಟು ಹಾಕದೆ, ಯಾರಿಗೂ ಹೇಳದೆ,
ತನ್ನಷ್ಟಕ್ಕೆ ತಾನು, ಸೊಟ್ಟಗೆ.

ಓದುವುದು ನನ್ನ ಕೆಲಸವಲ್ಲ, ತೆಗೆಯುವುದಷ್ಟೇ.
ಹಾಗೆಂದುಕೊಂಡೇ ಒಮ್ಮೆ, ತುಂಬಾ ಹಿಂದೆ,
ಒಂದು ಫಿಲ್ಮನ್ನು ಹಳದಿ ಕವರಿಗೆ ಹಾಕಿ ಕೊಟ್ಟು
ಚಹಾಕ್ಕೆ ಹೋಗಿದ್ದೆ.
ಆ ಚಹಾ ಇನ್ನೂ ಗಂಟಲಿಂದ ಇಳಿದಿಲ್ಲ.

ಈ ಸಲ ಫಿಲ್ಮು ಹಿಡಿದು ಮಹಡಿ ಹತ್ತಿದೆ.
ಮಕ್ಕಳ ವಾರ್ಡಿನಲ್ಲಿ ಸಿಸ್ಟರ್ ದಿಲ್‌ಶಾದ್
ಆ ಪಾದಕ್ಕೆ ಮುಲಾಮು ಹಚ್ಚುತ್ತಿದ್ದರು. ನನ್ನತ್ತ ನೋಡದೆ ಅಂದರು:
"ತಿಪ್ಪೇಶಣ್ಣ, ನಮ್ಮಪ್ಪ ಮೂವತ್ತು ವರ್ಷ ಮಂಡಕ್ಕಿ ಹುರಿದವ.
ಸಿಡಿದ ಮರಳು ಸಾಸಿವೆ ಚೆಲ್ಲಿದಂಗೆ ಬೀಳ್ತೈತಿ, ಅಲ್ಲೊಂದು ಇಲ್ಲೊಂದು.
ಇದಕ್ಕೆ ಅಂಚೈತಿ ನೋಡು.
ಸೀರಿಗಿದ್ದಂಗೆ."

ಮಧ್ಯಾಹ್ನ ಡಾಕ್ಟರ್ ನಿರಂಜನಮೂರ್ತಿಗಳ ಕೋಣೆ.
ಎರಡೇ ಕುರ್ಚಿ, ನಾವು ಐದು ಜನ.
ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು.
"ನಮ್ಮದೇ ತಪ್ಪಾದರೆ? ಒಂದು ಮನೆ ಒಡೆದುಹೋಗುತ್ತದೆ."
ಆ ಹೆದರಿಕೆ ಸುಳ್ಳಲ್ಲ. ಯಾರೂ ಮಾತಾಡಲಿಲ್ಲ.
ಬಾಗಿಲ ಬಳಿ ಚಪ್ಪಲಿ ಬಿಟ್ಟು ನಿಂತಿದ್ದ ಆಶಾ ಕೊಟ್ರಮ್ಮ,
ಪೋಲಿಯೋ ಹನಿ ಹಿಡಿದು ಆ ಓಣಿಯ ಹೊಸ್ತಿಲೆಲ್ಲ ದಾಟಿದವಳು,
ಸೆರಗು ಸರಿಮಾಡಿಕೊಂಡು ಅಂದಳು:
"ಸಾರ್, ಆ ಮನಿಗೆ ಮೆಟ್ಟಿಲಾ ಇಲ್ಲ."

ಆಪ್ತಸಮಾಲೋಚನೆಯ ಹುಡುಗಿ ಸಿಟ್ಟಾಗಿದ್ದಳು:
"ಬೆಳಿಗ್ಗೆಯಿಂದ ನಾಲ್ಕು ಜನ ಅವಳನ್ನು ಕೇಳಿದ್ದೀರಿ, ಏನಾಯ್ತು ಏನಾಯ್ತು ಅಂತ.
ಇನ್ನು ಯಾರೂ ಕೇಳಬೇಡಿ. ನಾನೊಬ್ಬಳೇ ಕೂರುತ್ತೇನೆ.
ಹೇಳಿದರೆ ಹೇಳಲಿ."

"ತಿಪ್ಪೇಶಿ, ನಿಮ್ಮದು?"
ಫಿಲ್ಮನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ.
ಬಾಯಿಂದ ಬಂದದ್ದು ಬೇರೆಯೇ:
"ಎದೆಯ ಚಿತ್ರಕ್ಕೆ ಉಸಿರು ಹಿಡಿ ಅಂದೆ ಸಾರ್.
ಕ್ಯಾಸೆಟ್ಟು ಬದಲಿಸಿ ತಿರುಗಿ ನೋಡಿದರೆ ಇನ್ನೂ ಹಿಡಿದೇ ಇದ್ದಳು.
ಕಣ್ಣು ನನ್ನ ಮೇಲೆ. ಮೈ ನಡುಗುತ್ತಿತ್ತು.
ನಾನು ಬಿಡು ಅನ್ನೋ ತನಕ ಬಿಡಲಿಲ್ಲ."

ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದೋ ಯಾರಿಗೂ ತಿಳಿಯಲಿಲ್ಲ.
ಕೊನೆಗೆ ಸಿಸ್ಟರ್ ಹಾಳೆಯ ಪಕ್ಕದ ಖಾಲಿಯಲ್ಲಿ ಬರೆದರು,
ದುಂಡಗಿನ ಅಕ್ಷರದಲ್ಲಿ, ಒಂದೂ ಕಾಗುಣಿತ ತಪ್ಪದೆ.
ಡಾಕ್ಟರು ಸಹಿ ಹಾಕಿ ಫೋನು ಎತ್ತಿಕೊಂಡರು.
ಒಂದು. ಸೊನ್ನೆ. ಒಂಬತ್ತು. ಎಂಟು.

ಮುಂದಿನದು ಸಮಿತಿಯ ಫೈಲಿನಲ್ಲಿದೆ. ಯಾರು, ಏಕೆ ಎಂದು ಹೇಳುವಂತಿಲ್ಲ.
ಕಾರಿಡಾರಿನಲ್ಲಿ ಒಬ್ಬ ನನ್ನ ಕಾಲರು ಹಿಡಿದ, ಗುಂಡಿಯೊಂದು ಹೋಯಿತು.
ತಾಯಿ ಮೂಲೆಯಲ್ಲಿ ಕುಳಿತಿದ್ದಳು.
ನಮ್ಮನ್ನೆಲ್ಲ ಶಪಿಸಿದಳು,
ಕೊಟ್ರಮ್ಮನ ಕೈ ಮಾತ್ರ ಬಿಡಲಿಲ್ಲ.

ಆರು ವಾರದ ಮೇಲೆ ಕಟ್ಟು ಬಿಚ್ಚಿಸಿಕೊಂಡು ಮತ್ತೆ ಬಂದಳು, ಅಜ್ಜಿಯ ಜೊತೆ.
ಕೂದಲು ಗಿಡ್ಡ ಮಾಡಿದ್ದರು, ಮೊದಲು ಗುರುತೇ ಸಿಗಲಿಲ್ಲ.
ಮೇಜಿನ ಮೇಲೆ ಕೈ ತಾನೇ ಇಟ್ಟಳು.
"ಉಸಿರು ಹಿಡೀಲಾ?"
"ಬ್ಯಾಡವ್ವ. ಕೈಗೆ ಬ್ಯಾಡ."

ನಂಬಿದಳೋ ಇಲ್ಲವೋ.
ದೀಪ ಆರಿಸಿ
ಸೀಸದ ಪರದೆಯ ಈಚೆ
ಗುಂಡಿ ಒತ್ತುವ ಮೊದಲು
ಕಿವಿಗೊಟ್ಟು ನಿಂತೆ.