ನಲವತ್ತೆರಡು ಇಂಚು

ಮೂರು ಬೇಸಿಗೆ ನೀರು ಹೊತ್ತೆ.
ಕೋವಿಯಿಲ್ಲದ ಸಿಪಾಯಿಗೆ ಶಿಬಿರದಲ್ಲಿ ಇನ್ನೇನು ಕೆಲಸ:
ತೊಗಲಿನ ಬಕೆಟ್ಟು, ಹಸಿ ಸೌದೆ, ಎಷ್ಟಕ್ಕೂ ಬೇಯದ ಬಟಾಣಿ.
ಸಾರ್ಜೆಂಟ್ ಹೆಸ್ಕೆತ್, ವಾರವಿಡೀ ಕಾರ್ಪೆಟ್ ಮಾರುವವನು,
ಭಾನುವಾರಕ್ಕಷ್ಟೇ ಕೆಂಪು ಕೋಟು,
ಹೇಳಿಬಿಟ್ಟಿದ್ದಾನೆ: ನಮ್ಮದು ಸಾವಿರದ ಏಳುನೂರ ಎಪ್ಪತ್ತೆಂಟು.
ಎಪ್ಪತ್ತೊಂಬತ್ತರ ಗುಂಡಿಯೂ ಇಲ್ಲಿ ನಡೆಯದು.

ಹೊಸದಕ್ಕೆ ಕೈ ಹಾಕಿದರೆ ಕೈ ಸುಡುತ್ತದೆ.
ಕಟ್ಟಿಸಿದ ಹಲ್ಲುಗಳನ್ನು ಅರ ಹಾಕಿ ನುಣುಪು ಮಾಡುವವನ ಸಂಬಳ ನನ್ನದು.
ಹಳೆಯದಾದರೂ ಸಿಕ್ಕೀತೆಂದು
ವೂಸ್ಟರ್, ಹೆರೆಫರ್ಡ್, ಒಂದು ಕುದುರೆಲಾಯ, ಒಬ್ಬ ಪಾದ್ರಿಯ ಕಾರ್ ಷೆಡ್ಡು.
ಸಿಕ್ಕವೆಲ್ಲ ಮೂವತ್ತೊಂಬತ್ತು ಇಂಚಿನ ನಳಿಗೆ.
"ಇಂಡಿಯಾ ಪ್ಯಾಟರ್ನ್," ಮೂಗು ಮುರಿದ ಹೆಸ್ಕೆತ್,
"ಇಪ್ಪತ್ತು ವರ್ಷ ತಡವಾಗಿ ಬಂದದ್ದು."
ಆಮೇಲೆ ನನ್ನ ಮುಖ ನೋಡಿ ಕೆಮ್ಮಿದ.
ನಾನೂ ಕೆಮ್ಮಿದೆ.

ಲೆಮ್‌ಸ್ಟರ್: ಬರೆಯುವಾಗ ಮಾರುದ್ದ, ಕರೆಯುವಾಗ ಗೇಣುದ್ದ.
ಊರಾಚೆ ಗ್ಲೆನಿಸ್ ಪ್ರಾಸರ್ ಮನೆ.
ಇಪ್ಪತ್ತೊಂದು ವರ್ಷ ಕೂದಲನ್ನು ಟೋಪಿಯೊಳಗೆ ತುರುಕಿ
ಗಂಡಸರ ಸಾಲಿನಲ್ಲಿ ನಡೆದವಳು. ಈಗ ಬಲಭುಜ ಏಳುವುದಿಲ್ಲವಂತೆ,
ಮೇಲಿನ ತಟ್ಟೆ ಇಳಿಸಲೂ ಪಕ್ಕದ ಮನೆಯ ಹುಡುಗ ಬರಬೇಕಂತೆ.
ಮೆಟ್ಟಿಲ ಕೆಳಗಿನ ಕಬ್ಬಿಣದ ಬೀರು ತೆರೆದು
"ನೀನೇ ತೆಗೆದುಕೋ," ಎಂದಳು.

ತೆಗೆದೆ. ಭಾರ ಅಂಗೈಗಿಳಿದದ್ದೇ
ಎಂದೂ ಆಡದ ಮಾತುಗಳು ನಾಲಗೆಗೆ ಬಂದವು:
ತುಂಬುವುದು ಮದ್ದು, ಬಟ್ಟಲಿಗೆ ಉದುರಿಸುವುದು ರಂಜಕ,
ಜಡಿಯುವುದು ಗಜ, ಚಕಮಕಿ ಕಚ್ಚಿ ಎಗರುವುದು ಕುದುರೆ.
ಏಳು ತಲೆಮಾರಿನಲ್ಲಿ ಕೋವಿ ಮುಟ್ಟದ ಮನೆತನ ನಮ್ಮದು.
ಇವನ್ನೆಲ್ಲ ಎಣ್ಣೆ ಸವರಿ ನನ್ನೊಳಗೆ ಯಾರು ಎತ್ತಿಟ್ಟಿದ್ದರೋ.
ಗಜವಿತ್ತು, ಕುದುರೆಯಿತ್ತು, ಕಾಲಾಳು ನಾನಿದ್ದೆ.
ರಥ ಹೊರಗೆ ನಿಂತಿತ್ತು, ಬೂದು ಬಣ್ಣ, ಬಾಡಿಗೆಯದು,
ಸಂಜೆ ಆರರೊಳಗೆ ಹಿಂದಿರುಗಿಸಬೇಕು.

ಹಲ್ಲಿನ ಹುಳುಕು ಕೆದಕುವ ಕೊಕ್ಕೆ ತಂದಿದ್ದೆ.
ಕಿವಿಯ ಕಿಂಡಿಗೆ ತೂರಿಸಿ ನೋಡಿದೆ: ಹುಳುಕಿಲ್ಲ.
ಚಕಮಕಿಗೆ ಸುತ್ತಿದ ತೊಗಲು ಆಕೆಯ ಹಳೆ ಕೈಚೀಲದ್ದು.
ಹಿಡಿಯ ಮರ ಒಂದೆಡೆ ಕಪ್ಪಾಗಿ ಮಿರುಗುತ್ತಿತ್ತು,
ಪಾಲಿಶ್ ಯಾವುದೆಂದು ಕೇಳಿದೆ.
ಆಕೆ ತನ್ನ ಕೆನ್ನೆ ಮುಟ್ಟಿ ತೋರಿಸಿದಳು.

ಬರಿಗೋವಿ. ಕುದುರೆ ಎಳೆದು ಬಿಟ್ಟೆ.
ಅಡುಗೆಮನೆಯ ಮಬ್ಬಿನಲ್ಲಿ ನಾಲ್ಕಾರು ಕಿಡಿ,
ನಾನು ನೋಡಲಿಲ್ಲ, ಕಣ್ಣು ಮುಚ್ಚಿದ್ದೆ.
"ಮೊದಲ ವರ್ಷ ಎಲ್ಲರೂ ಮುಚ್ಚುತ್ತಾರೆ," ಎಂದಳು.
"ಮತ್ತೆ, ಮಳೆ ಬಂದರೆ ಇದು ಹೊತ್ತುವುದಿಲ್ಲ. ನನ್ನನ್ನು ದೂರಬೇಡ."

ಟೇಪು ಹಿಡಿದೆ. ನಲವತ್ತೆರಡು.
ಕೂದಲೆಳೆಯಷ್ಟೂ ಕಮ್ಮಿಯಿಲ್ಲ.
ನೋಟು ಎಣಿಸುತ್ತಾ ಅರ್ಧದಲ್ಲಿ ನಿಂತೆ.
ಮನೆಯಲ್ಲಿ ಗೋಡೆಗೆ ಬೋಲ್ಟು ಬಿಗಿದ ನನ್ನ ಬೀರು,
ಪೊಲೀಸಿನವ ಬಂದು ಅಲುಗಿಸಿ ನೋಡಿ ಒಪ್ಪಿ ಸಹಿ ಹಾಕಿದ್ದು,
ಒಳಗೆ ಐವತ್ತಾರು ಇಂಚು.
ಆ ಮೊದಲು ನೋಡಿದ ಗಿಡ್ಡ ಕೋವಿಗಳ ಅಳತೆಗೆ ಕೊಂಡದ್ದು.
ಹಿಡಿಯಿಂದ ಮೂತಿಯವರೆಗೆ ಇದು ಐವತ್ತೆಂಟೂವರೆ.
ಓರೆಯಾಗಿಟ್ಟರೆ? ಮನಸ್ಸಿನಲ್ಲೇ ಇಟ್ಟು ನೋಡಿದೆ.
ಬಾಗಿಲು ಮುಚ್ಚಲಿಲ್ಲ.

"ನಿಮ್ಮ ಬೀರೂ ಕೊಡ್ತೀರಾ?"
"ಅದರಲ್ಲಿ ನನ್ನ ಕೊಡೆಗಳಿವೆ."

ದುಡ್ಡು ಮೇಜಿನ ಮೇಲೆ ಉಳಿಯಿತು, ಕೋವಿ ಆಕೆಯ ಕೈಗೆ ಹೋಯಿತು.
ಏಳದ ಆ ಭುಜ ಎದ್ದದ್ದನ್ನು ನಾನು ಕಣ್ಣಾರೆ ಕಂಡೆ:
ತಲೆಗಿಂತ ಮೇಲಿದ್ದ ಕೊಕ್ಕೆಗೆ ಒಂದೇ ಏಟಿಗೆ ಸಿಕ್ಕಿಸಿ
ಎರಡು ಸುತ್ತು ಬೀಗ ತಿರುವಿದಳು.
"ಅವಸರವೇನಿಲ್ಲ," ಎಂದಳು,
"ಒಳ್ಳೆಯ ಬೀರು ಸಿಗುವುದು ಕಷ್ಟ. ನಿಧಾನವಾಗಿ ಹುಡುಕು."