ಮೂರು ರೂಪಾಯಿ

ಕಾರವಾರದ ಕೋವಿ ಅಂಗಡಿಯ ಪೆಡ್ನೇಕರರು
ಗಾಜಿನ ಮೇಲೆ ಎರಡು ತೋಟೆ ಇಟ್ಟರು.
ಗಿಡ್ಡದು. ಉದ್ದದ್ದು.
ಉದ್ದದ್ದಕ್ಕೆ ಮೂರು ರೂಪಾಯಿ ಜಾಸ್ತಿ.
"ಮೊಲಕ್ಕೆ ಯಾವುದೂ ಆದೀತು,
ಕಡವೆಗಾದರೆ ಎರಡೂ ಬೇಡ."

ಕಿವಿಯ ಹಿಂದೆ ಇಟ್ಟರೆ
ಗಿಡ್ಡದಕ್ಕೆ ಆನೆಯೂ ಬೀಳುತ್ತದೆ ಎಂದಿದ್ದ ಪುರ್ಸೊ.
ಪುರ್ಸೊ ಆನೆ ಹೊಡೆದವನಲ್ಲ.

ಕದ್ರಾದ ಇಳಿಜಾರಿನಲ್ಲಿ
ಕಡವೆ ಕಿವಿ ತಿರುಗಿಸಿತು.
ಈಡು ಎಲ್ಲಿ ತಾಗಿತೋ,
ಬೆಳಗಿನವರೆಗೆ ನೆತ್ತರು ಹುಡುಕಿದೆವು:
ಮೂರು ಎಲೆ, ಆಮೇಲೆ ಹಳ್ಳ.

ಹನ್ನೊಂದು ವರ್ಷ.
ಹಿನ್ನೀರಿನ ಕೆಸರಲ್ಲಿ ಮುದಿ ಕಡವೆ ಸತ್ತು ಬಿದ್ದಿತ್ತು.
ಡಾಕ್ಟರು ಹೆಗಲು ಸೀಳಿ
ಚಿಮಟದಲ್ಲಿ ಎತ್ತಿದರು
ತೊಗರಿಕಾಳಿನಷ್ಟು ಸೀಸ,
ಸುತ್ತ ಮಾಂಸವೇ ಹೊಲಿದುಕೊಂಡ ಚೀಲ.
"ಇಷ್ಟರಲ್ಲಿ ಕಡವೆಗೆ ಹೊಡೆದ ಪುಣ್ಯಾತ್ಮ ಯಾರಪ್ಪಾ?"
ಗಾರ್ಡು ನಕ್ಕ. ನಾನೂ.

ಪಂಚನಾಮೆಗೆ ಊರಿನವರೊಬ್ಬರು ಬೇಕಿತ್ತು.
ಸಾಕ್ಷಿ ಎಂದಿದ್ದಲ್ಲಿ
ಸಹಿ ಹಾಕಿದೆ.