ಕೆಳಗಿನಿಂದ ಬಂದ ಬಿಸಿಲು

ಬಿಜೈಯ ಐದು ಮಾಳಿಗೆಯ ನೆತ್ತಿಗೆ
ಮೂರು ದಿನ ಬಿಳಿ ಬಳಿದು
ಕುಲಶೇಖರಕ್ಕೆ ಬಸ್ಸಿನಲ್ಲಿ ನಿಂತೇ ಬಂದ ಸಿಪ್ರಿಯನ್.
ಸೀಟು ಖಾಲಿಯಿತ್ತಂತೆ.
ಒರಗಲಾಗಲಿಲ್ಲವಂತೆ.

ಅಂಗಿ ಬಿಚ್ಚಲು ಬಾಗಿಲ ಹಿಂದೆ ಹೋದವನು
ಅರ್ಧ ತೋಳಿನಲ್ಲೇ ಸಿಕ್ಕಿಕೊಂಡು ಕರೆದ.

ಕೆಂಪಿಲ್ಲ. ನಮ್ಮ ಬಣ್ಣದಲ್ಲಿ ಕೆಂಪು ಬೇಗ ಕಾಣುವುದಿಲ್ಲ.
"ನಮಗೆಲ್ಲ ಎಂಥ ಬಿಸಿಲು ಮಾರಾಯ್ತಿ,
ಅದು ಫಾರಿನ್‌ನವರಿಗೆ" ಅಂದರು ಬೇಲಿಯಾಚೆಯ ಜುಲ್ಯಾನ್ ಬಾಯಿ.
ನಾನು ಕಣ್ಣನ್ನು ನಂಬಲಿಲ್ಲ.
ಮಗುವಿನ ಜ್ವರ ನೋಡುವ ಹಾಗೆ
ಅಂಗೈ ಮಗುಚಿ ಸೋಕಿಸಿದೆ:
ಹೆಗಲು, ನೀರುದೋಸೆಯ ಕಾವಲಿ.
ಕತ್ತಿನ ಹಿಂದೆ, ಆಗಷ್ಟೇ ಒಲೆಯಿಂದಿಳಿಸಿದ ಕಾವಲಿ.
ಆಮೇಲೆ ಯಾರೂ ಹುಡುಕದ ಜಾಗಗಳಲ್ಲಿ ಸಿಕ್ಕಿತು,
ಗದ್ದದ ಅಡಿ, ಕಿವಿಯ ಹಾಲೆಯ ಕೆಳಗೆ,
ಮೂಗಿನ ಹೊಳ್ಳೆಯ ಒಳಂಚು.
"ಇಲ್ಲಿಗೆ ಹೇಗೆ ಬಿತ್ತು ಬಿಸಿಲು?"
"ಬೀಳಲಿಲ್ಲ," ಅಂದ, "ಎದ್ದಿತು.
ಬಳಿದಷ್ಟೂ ಬಿಳಿ, ಬಿಳಿಯಾದಷ್ಟೂ ಕೆಳಗಿನಿಂದ."

ಬಾಯಿ ತೆಂಗಿನೆಣ್ಣೆ ತಂದುಕೊಟ್ಟರು, ಒಳ್ಳೆಯ ಮನಸ್ಸಿನಿಂದ.
ತೆಗೆದುಕೊಂಡೆ. ಕಪಾಟಿನಲ್ಲಿಟ್ಟೆ.
ಉರಿಯುವುದರ ಮೇಲೆ ಎಣ್ಣೆ ಹಚ್ಚಿದರೆ
ಕಾವು ಹೊರಗೆ ಬರಲು ದಾರಿ ಹುಡುಕಬೇಕು.
ಐಸೂ ಬೇಡ, ಅದಕ್ಕೆ ಅದರದೇ ಹಲ್ಲಿದೆ.
ಬಾವಿಯಿಂದ ಎರಡು ಕೊಡಪಾನ ಸೇದಿದೆ.
ಮದುವೆಯ ಮೊದಲ ವರ್ಷದ ವಾಯಿಲ್ ಸೀರೆ
ಒಗೆದು ಒಗೆದು ಬೆಣ್ಣೆಯಾಗಿತ್ತು, ಹರಿದೆ.
ಅದ್ದಿ, ಉಜ್ಜದೆ, ಒರೆಸದೆ, ಬರೇ ಹಾಸಿದೆ.
ಹಲ್ಲು ಕಚ್ಚಿ ಒಂದು ಶಬ್ದ ಮಾಡಿದ,
ಕಾವಲಿಗೆ ನೀರು ಚಿಮುಕಿಸಿದಾಗಿನದ್ದೇ.
ಬಟ್ಟೆ ಬೆಚ್ಚಗಾಯಿತು. ತೆಗೆದೆ. ಇನ್ನೊಂದು.
ಒಂಬತ್ತನೆಯದ್ದೋ ಹತ್ತನೆಯದ್ದೋ
ಹಾಕಿದಷ್ಟೇ ತಣ್ಣಗೆ ಉಳಿಯಿತು.

ಲೋಳೆಸರ, ಅಂಗಳದ ಒಡೆದ ಬಕೆಟ್ಟಿನಲ್ಲಿ
ಯಾರೂ ನೀರೆರೆಯದೆ ಬೆಳೆದದ್ದು.
ಕೊಯ್ದು ಕಾಲು ಗಂಟೆ ನೆಟ್ಟಗೆ ನಿಲ್ಲಿಸಿಟ್ಟೆ,
ಹಳದಿ ರಸ ಇಳಿದು ಹೋಗಲಿ, ತುರಿಕೆ ಅದರದ್ದು.
ಒಳಗಿನ ಗಾಜಿನಂಥದ್ದನ್ನು ಮಾತ್ರ
ಬೆರಳ ತುದಿಯಲ್ಲಿ, ಒತ್ತದೆ.
ಹದಿನಾಲ್ಕು ವರ್ಷದಲ್ಲಿ ಇಷ್ಟು ನಿಧಾನವಾಗಿ
ಅವನನ್ನು ಮುಟ್ಟಿದ ನೆನಪಿಲ್ಲ.
ಹೇಳಲಿಲ್ಲ. ಹೇಳಿದರೆ ನಗುತ್ತಾನೆ,
ನಕ್ಕರೆ ಗದ್ದ ಉರಿಯುತ್ತದೆ.

ಕುಡಿಸಿದೆ: ಒಂದು ಬೊಂಡ, ಉಪ್ಪು ಹಾಕಿದ ಗಂಜಿತಿಳಿ,
ಮತ್ತೆ ನೀರು, ಮತ್ತೆ ನೀರು.
ಉಂಡ ಮೇಲೆ ಜ್ವರದ ಮಾತ್ರೆ.
ಚಳಿ ನಡುಗಿದರೆ, ವಾಂತಿಯಾದರೆ ಕಂಕನಾಡಿಗೆ ಆಟೋ,
ಬಾಡಿಗೆ ಅಕ್ಕಿ ಡಬ್ಬಿಯ ಅಡಿಯಿಂದ ತೆಗೆದಿಟ್ಟಿದ್ದೆ.
ಬೇಕಾಗಲಿಲ್ಲ.

ಬೋರಲು ಮಲಗಿ ತಲೆದಿಂಬಿನೊಳಗಿಂದ ಲೆಕ್ಕ ಹೇಳಿದ:
ಇನ್ನೂ ಆರುನೂರು ಚದರಡಿ ಉಂಟು.
ಕೆಳಗಿನ ಮನೆಯವರಿಗೆ ಈಗಲೇ
ಫ್ಯಾನು ಸಾಕಂತೆ, ಏಸಿ ಬೇಡವಂತೆ.
ದನಿಯಲ್ಲಿ ಹೆಮ್ಮೆಯಿತ್ತು.
ನಾನು ತಲೆಯೆತ್ತಿ ನಮ್ಮ ತಗಡಿನ ಮಾಡು ನೋಡಿದೆ.
ಏನೂ ಹೇಳಲಿಲ್ಲ, ಬಟ್ಟೆ ಬದಲಿಸಿದೆ.

ಮರುದಿನ ಹೆಗಲ ಮೇಲೆ ಗುಳ್ಳೆಗಳು.
ಕನ್ನಡಿಯಲ್ಲಿ ಕಂಡದ್ದೇ ಕಸುಬಿನವನ ಕಣ್ಣಾಯಿತು:
"ಗುಳ್ಳೆ ಎದ್ದ ಬಣ್ಣ ಕೆರೆಯದೆ
ಮೇಲೆ ಹೊಸ ಕೋಟು ನಿಲ್ಲುವುದಿಲ್ಲ ಎಮಿಲ್ಡಾ."
ಕೈ ಹಿಡಿದೆ. ಇದು ಗೋಡೆಯಲ್ಲ ಮಾರಾಯ.
ಒಳಗಿನಿಂದ ಬಳಿಯುತ್ತಿರುವವರು ಯಾರೋ ಇದ್ದಾರೆ,
ಅವರ ಕೆಲಸ ಮುಗಿಯುವ ತನಕ
ಹಳೆಯದು ಮುಚ್ಚಿಕೊಂಡಿರಲಿ.
ಮೇಸ್ತ್ರಿಗೆ ನಾನೇ ಫೋನು ಮಾಡಿದೆ. ಬೈದರು. ಬೈಯಲಿ.

ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತಾನಾಗಿ ಎದ್ದು,
ಅಡಿಯಲ್ಲಿ ಎಳೆಯದು ಕಂಡ ಮೇಲೆ
ಮತ್ತೆ ಹೊರಟ, ಐದೂವರೆಗೆ,
ಹತ್ತಕ್ಕೆ ಇಳಿಯುತ್ತೇನೆಂದು ಮಾತು ಕೊಟ್ಟು.
ಉಳಿದ ಸೀರೆಯ ತುಂಡು ಟೊಪ್ಪಿಗೆ ಹೊಲಿದಿದ್ದೆ,
ಕತ್ತಿಗೆ, ಕಿವಿಗೆ,
ಗದ್ದದಡಿಗೆ ಸುತ್ತಿ ಕಟ್ಟಲು ಎರಡು ಲಾಡಿ.
ಕೆಳಗಿನಿಂದ ಬರುವುದಕ್ಕೂ ಒಂದು ಬಾಗಿಲು ಹಾಕಬೇಕಲ್ಲ.

ನೀಲಿ ಹೂವಿನ ಸೆರಗು ಅದು.
ಕಂಡಕ್ಟರ್ ನಕ್ಕನಂತೆ.
ಸೀಟು ಸಿಕ್ಕಿತಂತೆ. ಒರಗಿದನಂತೆ.